ಆಲ್ಬರ್ಟ್ ಹೋವರ್ಡ್

ಸರ್ ಆಲ್ಬರ್ಟ್ ಹೋವರ್ಡ್ (8 ಡಿಸೆಂಬರ್ 1873 – 20 ಅಕ್ಟೋಬರ್ 1947) ಬ್ರಿಟಿಷ್ ಸಸ್ಯವಿಜ್ಞಾನಿ ಮತ್ತು ಕೃಷಿವಿಜ್ಞಾನಿ. 1905ರಿಂದ 1931ರವರೆಗೆ ಭಾರತದಲ್ಲಿ ಸೇವೆ ಸಲ್ಲಿಸಿದ ಇವರು ಕೃಷಿ ತ್ಯಾಜ್ಯಗಳಿಂದ ಗೊಬ್ಬರ ತಯಾರಿಸುವ ಇಂದೋರ್ ಪದ್ಧತಿಯನ್ನು ರೂಪಿಸಿದರು. ಆಧುನಿಕ ಸಾವಯವ ಕೃಷಿಯ ಮೂಲಪುರುಷರಲ್ಲಿ ಒಬ್ಬರೆಂದು ಇವರನ್ನು ಪರಿಗಣಿಸಲಾಗುತ್ತದೆ. ಭಾರತದ ರೈತರಿಗೆ ಪಾಶ್ಚಾತ್ಯ ಬೇಸಾಯ ವಿಜ್ಞಾನವನ್ನು ಕಲಿಸುವ ಸಲುವಾಗಿ ನೇಮಕಗೊಂಡು ಬಂದ ಹೋವರ್ಡ್, ಇಲ್ಲಿನ ರೈತರ ಪಾರಂಪರಿಕ ಜ್ಞಾನವನ್ನೇ ಅಧ್ಯಯನದ ವಿಷಯವಾಗಿ ಸ್ವೀಕರಿಸಿದರು. ಮಣ್ಣು, ಬೆಳೆ, ದನ ಮತ್ತು ಮನುಷ್ಯರ ಆರೋಗ್ಯಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಅವರು ತಮ್ಮ ಜೀವಮಾನದ ಕೆಲಸದಿಂದ ತಲುಪಿದ ನಿಲುವು.

ಬಾಲ್ಯ ಮತ್ತು ಶಿಕ್ಷಣ

ಹೋವರ್ಡ್ ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತ್ಯದ ಬಿಷಪ್ಸ್ ಕ್ಯಾಸಲ್ ಎಂಬಲ್ಲಿ ಒಂದು ರೈತ ಕುಟುಂಬದಲ್ಲಿ ಜನಿಸಿದರು. ಹೊಲಗದ್ದೆ ಮತ್ತು ದನಕರುಗಳ ನಡುವೆ ಕಳೆದ ಬಾಲ್ಯದ ಅನುಭವವು ಅವರ ಮುಂದಿನ ವಿಚಾರಗಳಿಗೆ ತಳಹದಿಯಾಯಿತು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿಯೂ ಅನಂತರ ಕೇಂಬ್ರಿಜ್ ವಿಶ್ವವಿದ್ಯಾಲಯದ ಸೇಂಟ್ ಜಾನ್ಸ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, ನಿಸರ್ಗ ವಿಜ್ಞಾನದಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದರು. ಆ ಬಳಿಕ ಕೃಷಿ ವಿಷಯದಲ್ಲಿ ಡಿಪ್ಲೊಮಾ ಪಡೆದರು.

ಆರಂಭದ ವೃತ್ತಿಜೀವನ

1899ರಲ್ಲಿ ಹೋವರ್ಡ್ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪಕ್ಕೆ ಹೋಗಿ, ಅಲ್ಲಿನ ಕೃಷಿ ಇಲಾಖೆಯಲ್ಲಿ ಶಿಲೀಂಧ್ರ ತಜ್ಞರಾಗಿ ಮೂರು ವರ್ಷ ಕೆಲಸ ಮಾಡಿದರು. ಕಬ್ಬು ಮೊದಲಾದ ಬೆಳೆಗಳ ರೋಗಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಬೆಳೆಗಾರರಿಗೆ ಸಲಹೆ ನೀಡುವುದು ಅವರ ಕರ್ತವ್ಯವಾಗಿತ್ತು. ಆದರೆ ತಮ್ಮ ಸಲಹೆಯನ್ನು ಪ್ರಯೋಗಿಸಿ ನೋಡಲು ಅವರ ಕೈಯಲ್ಲಿ ಒಂದು ತುಂಡು ನೆಲವೂ ಇರಲಿಲ್ಲ. ತಾನೇ ಬೆಳೆ ಬೆಳೆಯದ ತಜ್ಞನು ಬೆಳೆಗಾರನಿಗೆ ಬುದ್ಧಿ ಹೇಳುವುದು ಸರಿಯಲ್ಲವೆಂಬ ಅತೃಪ್ತಿ ಅಲ್ಲಿಯೇ ಅವರಲ್ಲಿ ಮೊಳಕೆಯೊಡೆಯಿತು.

1903ರಲ್ಲಿ ಇಂಗ್ಲೆಂಡಿಗೆ ಮರಳಿ ವೈ ಎಂಬ ಊರಿನ ಕೃಷಿ ಕಾಲೇಜಿನಲ್ಲಿ ಸಸ್ಯವಿಜ್ಞಾನಿಯಾದರು. ಬಿಯರ್ ತಯಾರಿಕೆಯಲ್ಲಿ ಬಳಸುವ ಹಾಪ್ಸ್ ಬಳ್ಳಿಯ ತೋಟಗಳಲ್ಲಿ ಗಂಡು ಬಳ್ಳಿಗಳನ್ನು ಕಿತ್ತುಹಾಕುವ ರೂಢಿ ಆಗ ಪ್ರಚಲಿತವಾಗಿತ್ತು. ಗಂಡು ಬಳ್ಳಿಗಳನ್ನು ಉಳಿಸಿಕೊಂಡು ಪರಾಗಸ್ಪರ್ಶಕ್ಕೆ ಅವಕಾಶ ಕೊಟ್ಟರೆ ಬೆಳೆಯು ಬೇಗನೆ ಪಕ್ವವಾಗುವುದಲ್ಲದೆ ರೋಗ ಮತ್ತು ಕೀಟಗಳನ್ನು ಉತ್ತಮವಾಗಿ ತಡೆದುಕೊಳ್ಳುತ್ತದೆ ಎಂಬುದನ್ನು ಹೋವರ್ಡ್ ತೋರಿಸಿದರು. ನಿಸರ್ಗದ ಕ್ರಮಕ್ಕೆ ಅಡ್ಡಬರದೆ ಕೆಲಸ ಮಾಡುವುದು ಲಾಭಕರ ಎಂಬ ಪಾಠವನ್ನು ಅವರು ಈ ಪ್ರಯೋಗದಿಂದ ಕಲಿತರು.

ಪೂಸಾದಲ್ಲಿ

20ನೆಯ ಶತಮಾನದ ಆರಂಭದಲ್ಲಿ ಭಾರತದ ಬ್ರಿಟಿಷ್ ಸರ್ಕಾರವು ಬಿಹಾರದ ಪೂಸಾ ಗ್ರಾಮದಲ್ಲಿ ಕೃಷಿ ಸಂಶೋಧನಾ ಸಂಸ್ಥೆಯೊಂದನ್ನು ಸ್ಥಾಪಿಸಿತು. ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಅದಕ್ಕೆ ಧನಸಹಾಯ ನೀಡಿದ್ದರು. 1905ರಲ್ಲಿ ಹೋವರ್ಡ್ ಈ ಸಂಸ್ಥೆಯ ಇಂಪೀರಿಯಲ್ ಆರ್ಥಿಕ ಸಸ್ಯವಿಜ್ಞಾನಿಯಾಗಿ ನೇಮಕಗೊಂಡರು. ಅದೇ ವರ್ಷ ಅವರ ವಿವಾಹ ಗೇಬ್ರಿಯೆಲ್ ಮತ್ತೈ ಅವರೊಂದಿಗೆ ನೆರವೇರಿತು. ಗೇಬ್ರಿಯೆಲ್ ಸ್ವತಃ ಕೇಂಬ್ರಿಜಿನಲ್ಲಿ ಕಲಿತ ಸಸ್ಯಶರೀರಶಾಸ್ತ್ರಜ್ಞೆ. ಎಲೆಗಳ ದ್ಯುತಿಸಂಶ್ಲೇಷಣೆಯ ಮೇಲೆ ಉಷ್ಣತೆಯ ಪ್ರಭಾವವನ್ನು ಕುರಿತ ಅವರ ಸಂಶೋಧನೆ ಅದಾಗಲೇ ವಿದ್ವಾಂಸರ ಗಮನ ಸೆಳೆದಿತ್ತು. ಮುಂದೆ ಸರ್ಕಾರವು ಅವರನ್ನೂ ಎರಡನೆಯ ಇಂಪೀರಿಯಲ್ ಆರ್ಥಿಕ ಸಸ್ಯವಿಜ್ಞಾನಿಯಾಗಿ ನೇಮಿಸಿತು. ಭಾರತದಲ್ಲಿ ನಡೆದ ಹೆಚ್ಚಿನ ಸಂಶೋಧನೆಗಳು ದಂಪತಿಗಳಿಬ್ಬರ ಹೆಸರಿನಲ್ಲಿ ಪ್ರಕಟವಾಗಿದ್ದು, ಅವನ್ನು ಹೋವರ್ಡ್ ಒಬ್ಬರ ಸಾಧನೆಯೆಂದು ಎಣಿಸುವುದು ಸರಿಯಾಗದು.

ಪೂಸಾದಲ್ಲಿ ಹೋವರ್ಡ್ ಅವರಿಗೆ ಪ್ರಯೋಗಕ್ಕೆಂದು ಸುಮಾರು 75 ಎಕರೆ ಭೂಮಿ ದೊರೆಯಿತು. ಈ ಭೂಮಿಯಲ್ಲಿ ಬೆಳೆ ತೆಗೆಯುವ ಮುನ್ನ ಅವರು ಸುತ್ತಲಿನ ಹಳ್ಳಿಗಳ ಹೊಲಗಳನ್ನು ಗಮನವಿಟ್ಟು ನೋಡತೊಡಗಿದರು. ಅಲ್ಲಿನ ರೈತರು ಕೀಟನಾಶಕವನ್ನಾಗಲಿ ಕೃತಕ ಗೊಬ್ಬರವನ್ನಾಗಲಿ ಕಂಡವರಲ್ಲ. ಆದರೂ ಅವರ ಬೆಳೆಗಳಲ್ಲಿ ರೋಗ ಮತ್ತು ಕೀಟಗಳ ಬಾಧೆ ಗಮನಾರ್ಹವಾಗಿ ಕಡಿಮೆಯಿತ್ತು. ಇದಕ್ಕೆ ಕಾರಣವೇನೆಂದು ತಿಳಿಯಲು ಈ ರೈತರನ್ನೇ ಗುರುಗಳನ್ನಾಗಿ ಸ್ವೀಕರಿಸುವುದೆಂದು ಹೋವರ್ಡ್ ನಿರ್ಧರಿಸಿದರು. ಬೆಳೆಗೆ ಬರುವ ಕೀಟ ಮತ್ತು ಶಿಲೀಂಧ್ರಗಳನ್ನೂ ಅವರು ಇನ್ನೊಂದು ಬಗೆಯ ಗುರುಗಳೆಂದು ಭಾವಿಸಿದರು. ಹೊಂದದ ತಳಿಯನ್ನು ಬಿತ್ತಿದಾಗ ಅಥವಾ ಬೇಸಾಯದಲ್ಲಿ ತಪ್ಪಾದಾಗ ಅವು ಬಂದು ಎಚ್ಚರಿಸುತ್ತವೆ ಎಂಬುದು ಅವರ ಅಭಿಪ್ರಾಯ. ಆಳುವವರ ಕಡೆಯಿಂದ ಬಂದ ಅಧಿಕಾರಿಯೊಬ್ಬರು ಹಳ್ಳಿಯ ಅನಕ್ಷರಸ್ಥ ಬೇಸಾಯಗಾರರಿಂದ ಪಾಠ ಕಲಿಯುವುದು ಆ ಕಾಲಕ್ಕೆ ಅಪರೂಪದ ಸಂಗತಿಯಾಗಿತ್ತು.

ರೈತರ ಜ್ಞಾನದ ಅಧ್ಯಯನ

ಹೋವರ್ಡ್ ಗುರುತಿಸಿದ ಪಾರಂಪರಿಕ ಕೃಷಿಕ್ರಮಗಳಲ್ಲಿ ಮುಖ್ಯವಾದವು ಹೀಗಿವೆ.

ಮಿಶ್ರ ಬೆಳೆ: ಉತ್ತರ ಭಾರತದ ರೈತರು ಗೋಧಿಯೊಂದಿಗೆ ಕಡಲೆಯನ್ನೂ ಜೋಳದೊಂದಿಗೆ ತೊಗರಿಯನ್ನೂ ಬೆಳೆಯುತ್ತಿದ್ದರು. ಕನ್ನಡ ನಾಡಿನ ರೈತರು ಇಂತಹ ಕ್ರಮವನ್ನು ಅಕ್ಕಡಿ ಎಂದು ಕರೆಯುತ್ತಾರೆ. ದ್ವಿದಳ ಧಾನ್ಯಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ ಎಂಬುದನ್ನು ಯುರೋಪಿನ ವಿಜ್ಞಾನಿಗಳು ಖಚಿತಪಡಿಸಿದ್ದು 1880ರ ದಶಕದಲ್ಲಿ. ಕಾರಣ ತಿಳಿಯದಿದ್ದರೂ ಅದರ ಪ್ರಯೋಜನವನ್ನು ಭಾರತದ ರೈತರು ತಲೆತಲಾಂತರದಿಂದ ಪಡೆಯುತ್ತ ಬಂದಿದ್ದರು.

ಬೇಸಗೆಯ ಉಳುಮೆ: ಮುಂಗಾರಿಗೆ ಮುನ್ನ ನೆಲವನ್ನು ಉತ್ತು ಬಿಸಿಲಿಗೆ ಒಡ್ಡುವ ರೂಢಿ ಗಂಗಾ ಬಯಲಿನಲ್ಲಿತ್ತು. ಹೀಗೆ ಕಾದ ಮಣ್ಣಿನ ಫಲವತ್ತತೆ ಹೆಚ್ಚುವುದನ್ನು ಹೋವರ್ಡ್ ದಂಪತಿಗಳು ಗಮನಿಸಿ, ಅದನ್ನು ತಮ್ಮ ಪ್ರಯೋಗದ ಹೊಲಗಳಲ್ಲಿಯೂ ಅನುಸರಿಸಿದರು.

ಮರದ ನೇಗಿಲು: ಹಗುರವಾದ ದೇಸಿ ನೇಗಿಲು ನೆಲವನ್ನು ಮೇಲುಮೇಲೆ ಮಾತ್ರ ಕೆದಕುತ್ತದೆ ಎಂಬುದು ಅಧಿಕಾರಿಗಳ ದೂರಾಗಿತ್ತು. ಮಣ್ಣನ್ನು ಬುಡಮೇಲು ಮಾಡುವ ಕಬ್ಬಿಣದ ನೇಗಿಲನ್ನು ಪ್ರಚಾರ ಮಾಡಲು ಇಲಾಖೆಗಳು ಮುಂದಾಗಿದ್ದವು. ಉಷ್ಣವಲಯದ ಮಣ್ಣಿನಲ್ಲಿ ಸಾವಯವ ಅಂಶ ಬಹುಬೇಗ ಕರಗಿಹೋಗುವುದರಿಂದ, ಗೊಬ್ಬರ ಕಡಿಮೆಯಿರುವ ರೈತನಿಗೆ ಹಗುರ ಉಳುಮೆಯೇ ಮಣ್ಣಿನ ಸಾರವನ್ನು ಉಳಿಸುವ ಉಪಾಯವಾಗಿತ್ತು ಎಂದು ಹೋವರ್ಡ್ ವಾದಿಸಿದರು.

ನಾಟಿ ತಳಿಗಳು: ರೈತರ ಹೊಲಗಳಲ್ಲಿ ಹಲವು ಬಗೆಯ ಗೋಧಿ ಬೆರೆತು ಬೆಳೆಯುತ್ತಿತ್ತು. ಹೋವರ್ಡ್ ದಂಪತಿಗಳು ಅವುಗಳನ್ನು ಸಂಗ್ರಹಿಸಿ ವರ್ಗೀಕರಿಸಿ, ಉತ್ತಮ ಗಿಡಗಳನ್ನು ಆರಿಸಿ ಶುದ್ಧ ತಳಿಗಳನ್ನು ಬೆಳೆಸಿದರು. ಪೂಸಾ 4 ಮತ್ತು ಪೂಸಾ 12 ಎಂಬ ಪ್ರಸಿದ್ಧ ಗೋಧಿ ತಳಿಗಳು ದೊರೆತದ್ದು ಹೀಗೆ. ಇವು ಉತ್ತರ ಭಾರತದಲ್ಲಿ ವಿಸ್ತಾರವಾಗಿ ಹರಡಿದವು. ಈ ಸುಧಾರಿತ ತಳಿಗಳ ಮೂಲಸಾಮಗ್ರಿಯು ರೈತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಬೀಜಸಂಪತ್ತೇ ಆಗಿತ್ತು.

ಹೋವರ್ಡ್ ರೈತರ ಎಲ್ಲ ರೂಢಿಗಳನ್ನೂ ಕಣ್ಣುಮುಚ್ಚಿ ಹೊಗಳಿದವರಲ್ಲ. ಸೌದೆಯ ಅಭಾವದಿಂದ ಸಗಣಿಯನ್ನು ಬೆರಣಿ ತಟ್ಟಿ ಉರಿಸುವುದು, ದನಗಳ ಗಂಜಲವನ್ನು ವ್ಯರ್ಥವಾಗಿ ಹರಿಯಬಿಡುವುದು ಮತ್ತು ಹೊಲದ ಕಸಕಡ್ಡಿಯನ್ನು ಉಪಯೋಗಿಸದಿರುವುದು ಭಾರತೀಯ ಕೃಷಿಯ ದೊಡ್ಡ ನಷ್ಟಗಳೆಂದು ಅವರು ಎತ್ತಿ ತೋರಿಸಿದರು.

ಎತ್ತುಗಳ ಪ್ರಯೋಗ

ರೋಗವು ದುರ್ಬಲ ಜೀವಿಯನ್ನು ಮಾತ್ರ ಹಿಡಿಯುತ್ತದೆಯೇ ಎಂಬುದನ್ನು ಪರೀಕ್ಷಿಸಲು ಹೋವರ್ಡ್ ತಮ್ಮ ಸುಪರ್ದಿಯಲ್ಲಿಯೇ ಉಳುವ ಎತ್ತುಗಳನ್ನು ಇಟ್ಟುಕೊಂಡರು. ಫಲವತ್ತಾದ ನೆಲದಲ್ಲಿ ಬೆಳೆದ ಮೇವನ್ನು ಅವುಗಳಿಗೆ ಕೊಟ್ಟು, ಕೊಟ್ಟಿಗೆಯನ್ನು ಸ್ವಚ್ಛವಾಗಿ ಇರಿಸಿದರು. ನೆರೆಯ ದನಗಳಲ್ಲಿ ಕಾಲುಬಾಯಿ ಬೇನೆ ಕಾಣಿಸಿಕೊಂಡಾಗ, ನಡುವೆ ಇದ್ದ ಗಿಡ್ಡ ಬೇಲಿಯ ಮೇಲಿಂದ ರೋಗದ ದನಗಳೂ ಈ ಎತ್ತುಗಳೂ ಮೂತಿ ತಾಗಿಸುತ್ತಿದ್ದವು. ಆದರೂ ತಮ್ಮ ಎತ್ತುಗಳಿಗೆ ರೋಗ ಬರಲಿಲ್ಲವೆಂದು ಹೋವರ್ಡ್ ದಾಖಲಿಸಿದ್ದಾರೆ. ಮಣ್ಣಿನ ಆರೋಗ್ಯವೇ ಜೀವಿಗಳ ಆರೋಗ್ಯಕ್ಕೆ ಆಧಾರ ಎಂಬ ಅವರ ನಂಬಿಕೆಯು ಇದರಿಂದ ದೃಢವಾಯಿತು.

ಕ್ವೆಟ್ಟಾ ಮತ್ತು ನೀಲಿ ಬೆಳೆ

ಬೇಸಗೆಯಲ್ಲಿ ಹೋವರ್ಡ್ ದಂಪತಿಗಳು ಬಲೂಚಿಸ್ತಾನದ ಕ್ವೆಟ್ಟಾದಲ್ಲಿದ್ದ ಹಣ್ಣಿನ ಪ್ರಯೋಗ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಮಳೆ ಅತ್ಯಲ್ಪವಾದ ಆ ಪ್ರದೇಶದಲ್ಲಿ ಗೋಧಿಗೆ ಹಲವು ಬಾರಿ ನೀರು ಹಾಯಿಸುವ ವಾಡಿಕೆಯಿತ್ತು. ಬಿತ್ತನೆಗೆ ಮುನ್ನ ಒಮ್ಮೆ ನೀರುಣಿಸಿ ಮಣ್ಣಿನ ತೇವವನ್ನು ಜೋಪಾನ ಮಾಡಿದರೆ ಬಹಳಷ್ಟು ನೀರನ್ನು ಉಳಿಸಬಹುದೆಂದು ಅವರು ತೋರಿಸಿದರು. ಬಿಹಾರದಲ್ಲಿ ನೀಲಿ ಗಿಡಗಳು ಬಾಡಿ ಸಾಯುತ್ತಿದ್ದಾಗ, ಬೇರುಗಳನ್ನು ಅಗೆದು ಪರೀಕ್ಷಿಸಿ, ಮಳೆಗಾಲದಲ್ಲಿ ನೆಲಕ್ಕೆ ಗಾಳಿಯಾಡದೆ ಬೇರುಗಳು ಹಾಳಾಗುವುದೇ ಅದಕ್ಕೆ ಕಾರಣವೆಂದು ಕಂಡುಕೊಂಡರು.

ಇಂದೋರ್ ಸಂಸ್ಥೆ

ಪೂಸಾ ಸಂಸ್ಥೆಯಲ್ಲಿ ಸಸ್ಯಶಾಸ್ತ್ರ, ಕೀಟಶಾಸ್ತ್ರ, ಶಿಲೀಂಧ್ರಶಾಸ್ತ್ರ, ರಸಾಯನಶಾಸ್ತ್ರ ಮುಂತಾದ ವಿಭಾಗಗಳು ಬೇರೆಬೇರೆಯಾಗಿ ಕೆಲಸ ಮಾಡುತ್ತಿದ್ದವು. ರೈತನ ಹೊಲದಲ್ಲಿ ಹೀಗೆ ವಿಭಾಗಗಳಿಲ್ಲ. ಬೆಳೆಯನ್ನು ಮಣ್ಣು, ನೀರು, ದನ ಮತ್ತು ದುಡಿಯುವ ಜನರೊಂದಿಗೆ ಒಂದಾಗಿ ನೋಡುವ ಸಂಸ್ಥೆ ಬೇಕೆಂದು ಹೋವರ್ಡ್ ಬಯಸಿದರು. ಪೂಸಾದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಕೊನೆಗೆ ಭಾರತೀಯ ಕೇಂದ್ರ ಹತ್ತಿ ಸಮಿತಿ ಮತ್ತು ಮಧ್ಯ ಭಾರತದ ದೇಶೀಯ ಸಂಸ್ಥಾನಗಳ ನೆರವಿನಿಂದ 1924ರಲ್ಲಿ ಇಂದೋರಿನಲ್ಲಿ ಸುಮಾರು 300 ಎಕರೆ ಭೂಮಿಯಲ್ಲಿ ಸಸ್ಯೋದ್ಯಮ ಸಂಸ್ಥೆಯು ಆರಂಭವಾಯಿತು. ಹೋವರ್ಡ್ ಅದರ ನಿರ್ದೇಶಕರಾದರು.

ಇಂದೋರ್ ಪದ್ಧತಿ

ಚೀನಾ, ಕೊರಿಯಾ ಮತ್ತು ಜಪಾನಿನ ರೈತರು ಕಸ, ಎಲೆ ಹಾಗೂ ಮಲಮೂತ್ರಗಳನ್ನು ವ್ಯರ್ಥ ಮಾಡದೆ ನೆಲಕ್ಕೆ ಹಿಂದಿರುಗಿಸಿ, ಶತಮಾನಗಳ ಕಾಲ ಭೂಮಿಯ ಸಾರವನ್ನು ಉಳಿಸಿಕೊಂಡಿದ್ದರು. ಅಮೆರಿಕದ ಮಣ್ಣು ವಿಜ್ಞಾನಿ ಎಫ್. ಎಚ್. ಕಿಂಗ್ ಅವರ ಗ್ರಂಥವು ಈ ಸಂಗತಿಯನ್ನು 1911ರಲ್ಲಿ ಹೊರಜಗತ್ತಿಗೆ ತಿಳಿಸಿತು. ಹೋವರ್ಡ್ ಚೀನಾದ ಈ ಕ್ರಮವನ್ನು ಭಾರತದ ಹಳ್ಳಿಯ ಪರಿಸ್ಥಿತಿಗೆ ಹೊಂದಿಸಿದರು. ಈ ಕೆಲಸದಲ್ಲಿ ಅವರ ಸಹೋದ್ಯೋಗಿ ರಸಾಯನವಿಜ್ಞಾನಿ ಯಶವಂತ ವಾಡ್ ಪ್ರಮುಖ ಪಾತ್ರ ವಹಿಸಿದರು. 1931ರಲ್ಲಿ ಇಬ್ಬರ ಹೆಸರಿನಲ್ಲಿ ಪ್ರಕಟವಾದ ಪುಸ್ತಕದಲ್ಲಿ ಪದ್ಧತಿಯ ಪೂರ್ಣ ವಿವರಣೆಯಿದೆ.

ಹೊಲದ ದಂಟು, ಕಳೆ, ತರಗೆಲೆ, ಹುಲ್ಲು ಮೊದಲಾದವನ್ನು ಮೊದಲು ಕೊಟ್ಟಿಗೆಯಲ್ಲಿ ದನಗಳ ಕೆಳಗೆ ಹಾಸಲಾಗುತ್ತಿತ್ತು. ಗಟ್ಟಿಯಾದ ಹತ್ತಿಕಡ್ಡಿಗಳನ್ನು ದಾರಿಯ ಮೇಲೆ ಹರಡಿ ಗಾಡಿಗಳ ಚಕ್ರದಡಿ ನುರಿಸುತ್ತಿದ್ದರು. ಸಗಣಿ ಮತ್ತು ಗಂಜಲದಿಂದ ನೆನೆದ ಈ ಹಾಸನ್ನು 30 ಅಡಿ ಉದ್ದ, 14 ಅಡಿ ಅಗಲ ಮತ್ತು 2 ಅಡಿ ಆಳದ ಗುಂಡಿಗಳಿಗೆ ತುಂಬಿ, ಗಂಜಲ ಹೀರಿದ ಕೊಟ್ಟಿಗೆಯ ಮಣ್ಣನ್ನೂ ಒಲೆಯ ಬೂದಿಯನ್ನೂ ಬೆರೆಸಿ ನೀರು ಚಿಮುಕಿಸುತ್ತಿದ್ದರು. ಬೂದಿಯು ಕೊಳೆಯುವಾಗ ಉಂಟಾಗುವ ಆಮ್ಲೀಯತೆಯನ್ನು ತಗ್ಗಿಸುತ್ತದೆ. ಗಂಜಲದ ಮಣ್ಣು ಸೂಕ್ಷ್ಮಜೀವಿಗಳಿಗೆ ಬೇಕಾದ ಸಾರಜನಕವನ್ನು ಒದಗಿಸುತ್ತದೆ. ಗಾಳಿಯಾಡಲೆಂದು ಗುಂಡಿಯ ವಸ್ತುವನ್ನು ಮೂರು ಬಾರಿ, ಅಂದರೆ ಸುಮಾರು 16 ದಿನಗಳಿಗೆ, ಒಂದು ತಿಂಗಳಿಗೆ ಮತ್ತು ಎರಡು ತಿಂಗಳಿಗೆ, ಮಗುಚಲಾಗುತ್ತಿತ್ತು. ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತಿತ್ತು. ಮಳೆಗಾಲದಲ್ಲಿ ಗುಂಡಿಗಳಲ್ಲಿ ನೀರು ನಿಲ್ಲುವುದರಿಂದ ನೆಲದ ಮೇಲೆಯೇ ರಾಶಿ ಹಾಕುತ್ತಿದ್ದರು.

ಹಣ ಕೊಟ್ಟು ಕೊಳ್ಳಬೇಕಾದ ಯಾವ ವಸ್ತುವೂ ಇದಕ್ಕೆ ಬೇಕಿಲ್ಲ ಎಂಬುದು ಪದ್ಧತಿಯ ವಿಶೇಷ. ಗಾಂಧೀಜಿಯವರ ಹರಿಜನ ಪತ್ರಿಕೆಯು 1930ರ ದಶಕದಲ್ಲಿ ಇದನ್ನು ಓದುಗರಿಗೆ ಪರಿಚಯಿಸಿತು. ಭಾರತದ ಚಹಾ ತೋಟಗಳು ಹಾಗೂ ಪೂರ್ವ ಆಫ್ರಿಕದ ಕಾಫಿ ತೋಟಗಳಲ್ಲಿ ಇದು ಬಳಕೆಗೆ ಬಂದಿತು.

ಕರ್ನಾಟಕದೊಂದಿಗೆ ಸಂಬಂಧ

ಇಂದೋರ್ ಪದ್ಧತಿಗೆ ಪದೇ ಪದೇ ಮಗುಚುವ ಶ್ರಮ ಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ಎನ್. ಆಚಾರ್ಯ ಅವರು 1939ರಲ್ಲಿ ಇನ್ನೊಂದು ಕ್ರಮವನ್ನು ರೂಪಿಸಿದರು. ಪಟ್ಟಣದ ಕಸ ಮತ್ತು ಮಲವನ್ನು ಕಂದಕದಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ಆರರಿಂದ ಎಂಟು ತಿಂಗಳು ಬಿಡುವ ಈ ಕ್ರಮವು ಬೆಂಗಳೂರು ಪದ್ಧತಿ ಎಂದು ಹೆಸರಾಯಿತು. ಕೃಷಿ ಪಠ್ಯಪುಸ್ತಕಗಳಲ್ಲಿ ಇಂದಿಗೂ ಇಂದೋರ್ ಮತ್ತು ಬೆಂಗಳೂರು ಪದ್ಧತಿಗಳನ್ನು ಜೊತೆಯಾಗಿ ಬೋಧಿಸಲಾಗುತ್ತದೆ.

ನಿವೃತ್ತಿ ಮತ್ತು ಕೊನೆಯ ವರ್ಷಗಳು

1930ರಲ್ಲಿ ಗೇಬ್ರಿಯೆಲ್ ನಿಧನರಾದರು. ಇಪ್ಪತ್ತೈದು ವರ್ಷ ಹೊಲದಲ್ಲಿಯೂ ಪ್ರಯೋಗಾಲಯದಲ್ಲಿಯೂ ಜೊತೆಗಿದ್ದ ಸಹಧರ್ಮಿಣಿಯ ಅಗಲಿಕೆಯ ಬಳಿಕ ಹೋವರ್ಡ್ 1931ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಅದೇ ವರ್ಷ ಗೇಬ್ರಿಯೆಲ್ ಅವರ ಸಹೋದರಿ ಲೂಯಿಸ್ ಅವರನ್ನು ವಿವಾಹವಾದರು. ಲೂಯಿಸ್ ಅವರು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಕಚೇರಿಯಲ್ಲಿ ಕೆಲಸ ಮಾಡಿದ್ದವರು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸ್ಫೋಟಕಗಳಿಗೆಂದು ಸಾರಜನಕ ತಯಾರಿಸಿದ ಕಾರ್ಖಾನೆಗಳು ಯುದ್ಧಾನಂತರ ಕೃತಕ ಗೊಬ್ಬರವನ್ನು ಉತ್ಪಾದಿಸತೊಡಗಿದ್ದವು. ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಎಂಬ ಮೂರರ ಲೆಕ್ಕದಲ್ಲಿ ಮಣ್ಣಿನ ಫಲವತ್ತತೆಯನ್ನು ಅಳೆಯುವುದನ್ನು ಹೋವರ್ಡ್ ಬಲವಾಗಿ ವಿರೋಧಿಸಿದರು. ಮಣ್ಣು ಜೀವಂತವಾದದ್ದು, ಅದರಲ್ಲಿರುವ ಶಿಲೀಂಧ್ರಗಳು ಬೇರುಗಳೊಂದಿಗೆ ಸಂಬಂಧ ಹೊಂದಿ ಗಿಡವನ್ನು ಪೋಷಿಸುತ್ತವೆ ಎಂಬುದು ಅವರ ವಾದವಾಗಿತ್ತು. ಕೃಷಿವಿಜ್ಞಾನಿಗಳಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ಆದರೆ ರೈತರು, ತೋಟಗಾರರು ಮತ್ತು ಕೆಲವು ವೈದ್ಯರು ಅವರ ಬೆಂಬಲಕ್ಕೆ ನಿಂತರು. 1940ರಲ್ಲಿ ಪ್ರಕಟವಾದ ಆನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್ ಅವರ ಅತ್ಯಂತ ಪ್ರಭಾವಶಾಲಿ ಕೃತಿ. ಅದರ ಪ್ರೇರಣೆಯಿಂದ ಅಮೆರಿಕದ ಜೆ. ಐ. ರೊಡೇಲ್ 1942ರಲ್ಲಿ ಸಾವಯವ ಕೃಷಿಯ ಪತ್ರಿಕೆಯನ್ನು ಆರಂಭಿಸಿದರು. ಇಂಗ್ಲೆಂಡಿನಲ್ಲಿ ಈವ್ ಬಾಲ್ಫರ್ ಅವರ ಚಿಂತನೆಯ ಮೇಲೂ ಹೋವರ್ಡ್ ಪ್ರಭಾವ ಬೀರಿದರು. 1947ರ ಅಕ್ಟೋಬರ್ 20ರಂದು, ಭಾರತ ಸ್ವತಂತ್ರವಾದ ಎರಡು ತಿಂಗಳ ತರುವಾಯ, ಹೋವರ್ಡ್ ಲಂಡನ್ನಿನಲ್ಲಿ ನಿಧನರಾದರು.

ವಿಮರ್ಶೆ

ಹೋವರ್ಡ್ ಅವರ ಕೆಲವು ತೀರ್ಮಾನಗಳು ಪ್ರಶ್ನಾರ್ಹವಾಗಿವೆ. ಫಲವತ್ತಾದ ಮಣ್ಣಿನಲ್ಲಿ ಬೆಳೆದ ಬೆಳೆಗೆ ರೋಗವೇ ಬಾರದು ಎಂಬ ಅವರ ವಾದ ತೀರ ವ್ಯಾಪಕವಾದದ್ದು. ಎತ್ತುಗಳ ಉದಾಹರಣೆಯನ್ನು ಹೋಲಿಕೆಯ ಗುಂಪುಗಳನ್ನಿಟ್ಟು ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗವೆನ್ನಲಾಗದು. ರೋಗನಿರೋಧಕ ಶಕ್ತಿಯು ತಳಿಯ ಗುಣವನ್ನೂ ಅವಲಂಬಿಸುತ್ತದೆ ಎಂಬುದು ಗೋಧಿಯ ತಳಿಗಳನ್ನು ಬೆಳೆಸಿದ ಅವರಿಗೇ ತಿಳಿದ ವಿಷಯವಾಗಿತ್ತು.

ಮತ್ತೊಂದು ಪ್ರಶ್ನೆ ಜ್ಞಾನದ ಒಡೆತನಕ್ಕೆ ಸಂಬಂಧಿಸಿದ್ದು. ಇಂದೋರ್ ಪದ್ಧತಿಯು ಭಾರತದ ಹಳ್ಳಿಯಲ್ಲಿದ್ದ ಕ್ರಮದ ನಕಲಲ್ಲ. ಚೀನಾದ ರೈತರ ಅನುಭವ, ಭಾರತದ ರೈತರಿಂದ ಕಲಿತ ಪಾಠ ಮತ್ತು ಪ್ರಯೋಗಾಲಯದ ರಸಾಯನಶಾಸ್ತ್ರ ಇವು ಮೂರೂ ಅದರಲ್ಲಿ ಸೇರಿವೆ. ಹೋವರ್ಡ್ ತಮ್ಮ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆದರೆ ಅವರ ಗ್ರಂಥಗಳಲ್ಲಿ ರೈತರು ಒಂದು ಸಮೂಹವಾಗಿ ಕಾಣಿಸಿಕೊಳ್ಳುತ್ತಾರೆಯೇ ಹೊರತು ಹೆಸರುಳ್ಳ ವ್ಯಕ್ತಿಗಳಾಗಿ ಅಲ್ಲ. ಪೂಸಾದ ಹೊಲಗಳಲ್ಲಿ ಅವರಿಗೆ ಕಲಿಸಿದ ಬೇಸಾಯಗಾರರು ಕೃಷಿಯ ಇತಿಹಾಸದಲ್ಲಿ ಅನಾಮಿಕರಾಗಿಯೇ ಉಳಿದರು.

ಪರಂಪರೆ

1934ರ ಬಿಹಾರ ಭೂಕಂಪದಲ್ಲಿ ಪೂಸಾದ ಕಟ್ಟಡಗಳು ಹಾನಿಗೊಂಡು ಸಂಸ್ಥೆಯು ದೆಹಲಿಗೆ ಸ್ಥಳಾಂತರವಾಯಿತು. ಇಂದಿನ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯೇ ಅದು. ದೆಹಲಿಯಲ್ಲಿಯೂ ಜನರು ಅದನ್ನು ಪೂಸಾ ಎಂದೇ ಕರೆಯುತ್ತಾರೆ. 1960ರ ದಶಕದಲ್ಲಿ ಈ ಸಂಸ್ಥೆಯು ಅಧಿಕ ಇಳುವರಿಯ ಬೀಜ ಮತ್ತು ರಾಸಾಯನಿಕ ಗೊಬ್ಬರಗಳನ್ನು ಆಧರಿಸಿದ ಹಸಿರು ಕ್ರಾಂತಿಯಲ್ಲಿ ಮುಂಚೂಣಿಯಲ್ಲಿತ್ತು. ಆಹಾರದ ಕೊರತೆಯನ್ನು ಎದುರಿಸುತ್ತಿದ್ದ ದೇಶಕ್ಕೆ ಅದರಿಂದ ಧಾನ್ಯ ದೊರೆಯಿತು. ಆದರೆ ಮಿಶ್ರ ಬೆಳೆ, ನಾಟಿ ಬೀಜ ಮತ್ತು ತಿಪ್ಪೆಗೊಬ್ಬರಗಳ ಬಳಕೆ ಅನೇಕ ಕಡೆ ಕುಗ್ಗಿತು. ಕೆಲವು ದಶಕಗಳ ಅನಂತರ ಸಾವಯವ ಕೃಷಿಯು ಪಾಶ್ಚಾತ್ಯ ದೇಶಗಳಿಂದ ಬಂದ ಹೊಸ ವಿಚಾರವೆಂಬಂತೆ ಭಾರತದಲ್ಲಿ ಪ್ರಚಾರ ಪಡೆದಾಗ, ಅದರ ಬೇರುಗಳಲ್ಲಿ ಒಂದು ಬಿಹಾರದ ಹಳ್ಳಿಗಳ ಹೊಲದಲ್ಲಿತ್ತು ಎಂಬುದು ಬಹುಮಟ್ಟಿಗೆ ಮರೆತುಹೋಗಿತ್ತು. ಹೋವರ್ಡ್ ಅವರ ಜೀವನಚರಿತ್ರೆ ಅದನ್ನು ನೆನಪಿಸುತ್ತದೆ.

ಗೌರವಗಳು

1914ರಲ್ಲಿ ಸಿ.ಐ.ಇ. ಪದವಿ, 1920ರಲ್ಲಿ ರಾಯಲ್ ಸೊಸೈಟಿ ಆಫ್ ಆರ್ಟ್ಸ್‌ನ ಬೆಳ್ಳಿ ಪದಕ, 1930ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಬಾರ್ಕ್ಲೇ ಸ್ಮಾರಕ ಪದಕ ಮತ್ತು 1934ರಲ್ಲಿ ಸರ್ ಪದವಿ ಅವರಿಗೆ ಲಭಿಸಿದವು. ಗೇಬ್ರಿಯೆಲ್ ಅವರಿಗೆ ಕೈಸರ್-ಇ-ಹಿಂದ್ ಪದಕ ನೀಡಲಾಗಿತ್ತು.

ಪ್ರಮುಖ ಕೃತಿಗಳು

ವೀಟ್ ಇನ್ ಇಂಡಿಯಾ (1909, ಗೇಬ್ರಿಯೆಲ್ ಅವರೊಂದಿಗೆ)
ಕ್ರಾಪ್ ಪ್ರೊಡಕ್ಷನ್ ಇನ್ ಇಂಡಿಯಾ (1924)
ದ ವೇಸ್ಟ್ ಪ್ರಾಡಕ್ಟ್ಸ್ ಆಫ್ ಅಗ್ರಿಕಲ್ಚರ್ (1931, ಯಶವಂತ ವಾಡ್ ಅವರೊಂದಿಗೆ)
ಆನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್ (1940)
ಫಾರ್ಮಿಂಗ್ ಅಂಡ್ ಗಾರ್ಡನಿಂಗ್ ಫಾರ್ ಹೆಲ್ತ್ ಆರ್ ಡಿಸೀಸ್ (1945)

ಹೋವರ್ಡ್ ಅವರ ಭಾರತದ ದಿನಗಳನ್ನು ಕುರಿತು ಲೂಯಿಸ್ ಹೋವರ್ಡ್ ಬರೆದ ಸರ್ ಆಲ್ಬರ್ಟ್ ಹೋವರ್ಡ್ ಇನ್ ಇಂಡಿಯಾ ಎಂಬ ಗ್ರಂಥವು 1953ರಲ್ಲಿ ಪ್ರಕಟವಾಯಿತು.